ಅವ್ವನಿಗಾಗಿ ಆರಿಸಿದ ಹರಾರ್ ಕಾಫಿ

ಖಾನಾಪುರ: ಹೊರಡುವ ಮುಂಚೆ

ನಮ್ಮ ಮನೆಯಲ್ಲಿ ಕಾಫಿ ಅಂದರೆ ತಲೆನೋವಿನ ಔಷಧ. ಮೈಸೂರು ಕಡೆಯ ಸಾಹೇಬರು ಯಾರಾದರೂ ಊರಿಗೆ ವರ್ಗವಾಗಿ ಬಂದರೆ ಅವರ ಸಲುವಾಗಿ ಅವ್ವ ಒಂದು ಪುಡಿಕೆ ತರಿಸಿಡುತ್ತಿದ್ದಳು. ಸಾಹೇಬರು ವರ್ಗವಾಗಿ ಹೋದ ಮೇಲೂ ಅದು ಡಬ್ಬಿಯಲ್ಲಿ ಕಲ್ಲಾಗಿ ಕೂತಿರುತ್ತಿತ್ತು. ಉಳಿದಂತೆ ನಮ್ಮದು ಅಪ್ಪಟ ಚಾ ಕುಡಿಯುವ ವಂಶ. ಅಂಥ ಮನೆಯ ಮಗಳು ನಾನು ಇಥಿಯೋಪಿಯಾಕ್ಕೆ ಹೋಗಿ, ಮೂರು ನಮೂನೆಯ ಕಾಫಿ ಕುಡಿದು, ಒಂದನ್ನು ಆರಿಸಿಕೊಂಡು ಬಂದೆ. ಹೋದದ್ದು ಮಾತ್ರ ಕಾಫಿಗಲ್ಲ. ಒಂದು ಲಗ್ನ ಮುರಿಯಲಿಕ್ಕೆ.

ಲಗ್ನ ನಮ್ಮ ಕಿರಿಯ ತಮ್ಮ ಮಲ್ಲಿಕಾರ್ಜುನನದು. ಮಲ್ಲು ಇಥಿಯೋಪಿಯಾದ ದಿಲ್ಲಾ ಎಂಬ ಊರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ. ವಯಸ್ಸು ನಲವತ್ತರ ಹತ್ತಿರ ಬಂದಿದ್ದರೂ ಮದುವೆ ಮಾತು ತೆಗೆದರೆ ಊಟದ ತಾಟು ಬಿಟ್ಟು ಎದ್ದುಹೋಗುತ್ತಿದ್ದವ. ಒಂದು ದಿನ ನನ್ನ ಸಾಲೆಗೆ ಫೋನ್ ಮಾಡಿದ. ನಾನು ಬೆಳಗಾವಿಯ ವಡಗಾವಿ ಭಾಗದ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ದೊಡ್ಡ ಅಕ್ಕೋರು, ಅಂದರೆ ಮುಖ್ಯೋಪಾಧ್ಯಾಯಿನಿ. ಸಾಲೆಯ ಮಗ್ಗುಲಲ್ಲೇ ಮಗ್ಗಗಳು. ಅವುಗಳ ಸದ್ದಿಗೆ ಎದುರಾಗಿ ಒದರುವುದರಲ್ಲೇ ನನ್ನ ಸರ್ವಿಸು ಕಳೆದಿದೆ.

“ಅಕ್ಕಾ, ನಾ ಲಗ್ನ ಆಗಾಕತ್ತೀನಿ!”

“ಛಲೋ ಆತು! ಯಾರ ಕೂಡ?”

“ಅಲ್ಮಾಜ್!”

“ಅಲ್ಮಾರಿ ಆಮ್ಯಾಲೆ ತಗೊಳ್ಳೂಣು, ಮೊದಲ ಹುಡುಗಿ ಯಾರಂತ ಹೇಳೋ!”

ಅಲ್ಮಾಜ್ ಎಂಬುದು ಅಲ್ಲಿನ ದವಾಖಾನೆಯ ನರ್ಸಿನ ಹೆಸರು ಎಂದು ತಿಳಿಯುವ ಹೊತ್ತಿಗೆ ಇಡೀ ಸಾಲೆಗೆ ಸುದ್ದಿ ಮುಟ್ಟಿತ್ತು.

ಖಾನಾಪುರದ ಮನೆಯಲ್ಲಿ ಪಂಚಾಯ್ತಿ ಸೇರಿತು. ನಡುವಿನ ತಮ್ಮ ಶಿವಪುತ್ರ ಅಲ್ಲೇ ಹೆಂಚಿನ ಭಟ್ಟಿ ನಡೆಸುತ್ತಾನೆ, ಅವ್ವ ಅವನ ಜೊತೆಗೇ ಇರುತ್ತಾಳೆ. ಬಸವಣ್ಣನ ಫೋಟೋದ ಸರಿಯಾಗಿ ಕೆಳಗೆ ಕುಂತು ಅವನು, “ಬ್ಯಾರೆ ಕುಲಾ, ಬ್ಯಾರೆ ದೇವರು, ಮ್ಯಾಲ ಕರಿ ಬಣ್ಣ” ಎಂದ. ಭಟ್ಟಿಯ ಹೊಗೆಯಲ್ಲಿ ದಿನವೂ ನಿಲ್ಲುವ ಅವನ ಬಣ್ಣದ ಬಗ್ಗೆ ನಾನು ಒಂದು ಮಾತು ಹೇಳಬೇಕೆಂದಿದ್ದೆ, ತಡೆದುಕೊಂಡೆ.

“ವರ್ಷಾ ಬಸವ ಜಯಂತಿಗೆ ಕುಲಾ ಇಲ್ಲ, ಗಿಲಾ ಇಲ್ಲ ಅಂತ ಭಾಷಣ ಮಾಡಾವ ನೀನ ಅಲ್ಲೇನೋ?”

“ಭಾಷಣದ ಮಾತ ಬ್ಯಾರೆ ಅಕ್ಕಾ. ಇದು ಮನಿ ಮಾತು.”

ಅವ್ವ ಮಾತ್ರ ಒಂದೇ ಅಂದಳು: “ಅವನ ಹೆಸರ ನನ್ನ ಮುಂದ ತಗೀಬ್ಯಾಡ್ರಿ.” ಅಂದಿನಿಂದ ಅವನ ಫೋನ್ ಬಂದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಕಡೆಗೆ ಯಾರಾದರೂ ಹೋಗಿ ಬುದ್ಧಿ ಹೇಳಿ ಅವನನ್ನು ಕರೆದುಕೊಂಡು ಬರಬೇಕೆಂದು ಠರಾವಾಯಿತು. ಮಂದಿಯ ಮನೆಗೆ ಹೆಂಚು ಹಾಕಿಸುವ ಶಿವಪುತ್ರ ತಾನು ಏಣಿ ಹತ್ತುವವನಲ್ಲ, ವಿಮಾನ ಹತ್ತುತ್ತಾನೆಯೇ? ಹಾಗಾಗಿ ನಾನು. ಬೆಳಗಾವಿಯ ಖಾಸಬಾಗದ ಮನೆಯಲ್ಲಿ ನಮ್ಮ ಯಜಮಾನರು “ಹೋಗಿ ಬಾ” ಎಂದರು. ಸ್ವಲ್ಪ ಹೆಚ್ಚೇ ಬೇಗ ಎಂದರು.

ಮುರಿಯಲು ಹೋಗುವವರೂ ಬರಿಗೈಯಲ್ಲಿ ಹೋಗಬಾರದೆಂದು ಬೆಳಗಾವಿಯ ಕುಂದಾ ಕಟ್ಟಿಸಿಕೊಂಡೆ.

ಆಡಿಸ್ ಅಬಾಬಾ: ಏಳು ವರ್ಷ ಚಿಕ್ಕವಳಾದೆ

ನಮ್ಮಲ್ಲಿ ಎರಡು ಸಾವಿರದ ಇಸವಿ ಮುಗಿಯುತ್ತಿತ್ತು. ವಿಮಾನ ಇಳಿದು ನೋಡಿದರೆ ಅಲ್ಲಿ ಇನ್ನೂ ತೊಂಬತ್ತಮೂರು. ಅವರ ಪಂಚಾಂಗವೇ ಹಾಗೆ. ನನಗೆ ಬಹಳ ಸಂತೋಷವಾಯಿತು. ಏಳು ವರ್ಷ ಹಿಂದೆ ನನ್ನ ಮೊಣಕಾಲು ನೋಯುತ್ತಿರಲಿಲ್ಲ. ಆದರೆ ಕಾಲಿಗೆ ಈ ಸುದ್ದಿ ತಿಳಿದಂತೆ ಕಾಣಲಿಲ್ಲ.

ಮಲ್ಲು ಬಂದಿದ್ದ. ತುಸು ದಪ್ಪಗಾಗಿದ್ದ. ಲಾಡ್ಜಿನಲ್ಲಿ ನನ್ನನ್ನು ಬಿಟ್ಟು, “ದಿಲ್ಲಾದ ಬಸ್ಸು ನಾಳೆ ಹನ್ನೆರಡಕ್ಕ ಐತಿ, ತಯಾರಾಗಿರು” ಅಂದು ಹೋದ. ಮಧ್ಯಾಹ್ನದ ತನಕ ನಿಶ್ಚಿಂತೆ ಎಂದು ಮಲಗಿದವಳ ಬಾಗಿಲನ್ನು ಕೋಳಿ ಕೂಗುವಾಗ ಬಡಿದ. ಅಲ್ಲಿನ ಗಡಿಯಾರ ಹೊತ್ತು ಹುಟ್ಟಿದ ಮೇಲೆ ಎಣಿಕೆ ಶುರು ಮಾಡುತ್ತದಂತೆ. ಅವರ ಹನ್ನೆರಡು ಎಂದರೆ ನಮ್ಮ ಆರು. ಇವನು ಅಲ್ಲಿಯೇ ಇದ್ದು ಇದ್ದು ನಮ್ಮ ಲೆಕ್ಕ ಮರೆತುಬಿಟ್ಟಿದ್ದ, ಗಣಿತದ ಮಾಸ್ತರ. ನಾನು ಮುಖ ತೊಳೆಯದೆ ಬಸ್ ಹತ್ತಿದೆ.

ಬಸ್ಸಿನ ತುಂಬ ಜನ, ಆದರೆ ಒಂದೂ ಕಿಟಕಿ ತೆರೆಯುವಂತಿಲ್ಲ. ಗಾಳಿ ಬಡಿದರೆ ಜಡ್ಡು ಬರುತ್ತದೆಂದು ಅವರ ನಂಬಿಕೆ. ನಾನು ಬೆರಳಷ್ಟು ಸರಿಸಿದೆ. ಮುಂದಿನ ಸಾಲಿನ ಮುದುಕ ತಿರುಗಿ ಮುಗುಳ್ನಕ್ಕು ಮುಚ್ಚಿದ. ಮತ್ತೆ ಸರಿಸಿದೆ, ಹಿಂದಿನ ಸಾಲಿನ ಹೆಂಗಸು ಮುಗುಳ್ನಕ್ಕು ಮುಚ್ಚಿದಳು. ಇಡೀ ದಿನದ ದಾರಿಯಲ್ಲಿ ನಾನು ನಮ್ಮ ಖಾನಾಪುರದ ಬಸ್ಸನ್ನು ನೆನೆಸಿಕೊಂಡು ಕಣ್ಣೀರಿಡುವುದೊಂದು ಬಾಕಿ. ಅದರ ಕಿಟಕಿಗೆ ಮುಚ್ಚಲು ಗಾಜೇ ಇರುವುದಿಲ್ಲ.

ದಿಲ್ಲಾ: ಬಾಯಿ ತೆರೆದಾಗಲೆಲ್ಲ

ಹುಡುಗಿಯ ತಾಯಿಯ ಹೆಸರು ಬೆಲೈನೆಶ್. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಬಿಳಿ ಸೆರಗು ಹೊದ್ದ ಗಟ್ಟಿಮುಟ್ಟಾದ ಹೆಂಗಸು. ಬಾಗಿಲಲ್ಲೇ ನನ್ನನ್ನು ಹಿಡಿದು ಆ ಗಲ್ಲ, ಈ ಗಲ್ಲ, ಮತ್ತೆ ಆ ಗಲ್ಲಕ್ಕೆ ಮುತ್ತಿಟ್ಟಳು. ನಾನು ಎರಡಕ್ಕೇ ಮುಗಿಯಿತೆಂದು ತಿರುಗಿದ್ದರಿಂದ ಮೂರನೆಯದು ನನ್ನ ಚಾಳೀಸಿನ ಗಾಜಿಗೆ ಬಿತ್ತು. ಹಿಂದೆ ನಿಂತಿದ್ದ ಎತ್ತರದ ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳೇ ಅಲ್ಮಾಜ್. ಆಕೆ ಮಾತಾಡಿದ್ದು ಇಂಗ್ಲಿಷು, ತಾಯಿಯದು ಅಮ್ಹಾರಿಕ್. ನಡುವೆ ಮಲ್ಲು ನನಗೆ ಕನ್ನಡ ಮಾಡಿ ಹೇಳುತ್ತಿದ್ದ.

ಕುಂದಾದ ಡಬ್ಬಿ ತೆರೆದೆ. ಎಲ್ಲರೂ ಬಗ್ಗಿ ನೋಡಿದರು, ವಾಸನೆ ತೆಗೆದುಕೊಂಡರು, ತಲೆದೂಗಿದರು. ಯಾರೂ ಮುಟ್ಟಲಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ಕಾಲವಂತೆ. ಮಾಂಸ, ಹಾಲು, ತುಪ್ಪ ಒಂದೂ ಇಲ್ಲ. ನಾನು ತಂದದ್ದೋ ಹಾಲನ್ನೇ ಕುದಿಸಿ ಕುದಿಸಿ ಮಾಡಿದ್ದು. “ನನಗ ಮೊದಲ ಹೇಳಾಕ ಏನಾಗಿತ್ತೋ?” ಎಂದು ಮಲ್ಲುವನ್ನು ಬೈದೆ. “ನೀ ಕುಂದಾ ತರತಿ ಅಂತ ನನಗೇನ್ ಗೊತ್ತು? ಜಗಳಾ ತರತಿ ಅಂತ ತಿಳದಿದ್ದೆ” ಅಂದ. ಕಡೆಗೆ ನೆರೆಮನೆಯ ಮುಸ್ಲಿಮರ ಮನೆಗೆ ಡಬ್ಬಿ ಹೋಯಿತು. ಅರ್ಧ ತಾಸಿನಲ್ಲಿ ತೊಳೆದ ಡಬ್ಬಿ ವಾಪಸು ಬಂತು.

ಊಟಕ್ಕೆ ಒಂದು ದೊಡ್ಡ ಪರಾತ, ಎಲ್ಲರಿಗೂ ಅದೇ. ಹಾಸಿದ್ದು ಇಂಜೆರಾ, ಅಂದರೆ ಹುಳಿ ಬಂದ ತೂತುತೂತಿನ ದೋಸೆ, ಕಂಬಳಿಯಷ್ಟು ಅಗಲ. ಅದರ ಮೇಲೆ ಸುರಿದದ್ದನ್ನು ಬೆರಳಿಗೆ ಹಚ್ಚಿ ನೆಕ್ಕಿದವಳು ಬೆಚ್ಚಿಬಿದ್ದೆ. ಜುಣಕ! ಕಡ್ಲಿ ಹಿಟ್ಟು, ಖಾರ, ಬೆಳ್ಳುಳ್ಳಿ. ನಮ್ಮ ಅವ್ವ ಮಾಡುವ ಜುಣಕ ಇಷ್ಟು ದೂರ ಬಂದು ಶಿರೋ ಎಂದು ಹೆಸರು ಬದಲಿಸಿಕೊಂಡು ಕೂತಿತ್ತು.

ಊಟ ಮಾಡುತ್ತಲೇ ವಿಷಯಕ್ಕೆ ಬರೋಣ ಎಂದು ನಿರ್ಧರಿಸಿದ್ದೆ. ಸಾಲೆಯಲ್ಲಿ ಎಂಥೆಂಥ ಪಾಲಕರನ್ನು ಕೂರಿಸಿ ಬುದ್ಧಿ ಹೇಳಿದವಳು. “ನೋಡ್ರಿ...” ಎಂದು ಬಾಯಿ ತೆರೆದೆ. ಬೆಲೈನೆಶ್ ಒಂದು ದೊಡ್ಡ ತುತ್ತು ಸುತ್ತಿ ನನ್ನ ಬಾಯೊಳಗೆ ತುರುಕಿದಳು. ಅತಿಥಿಗೆ ಕೈಯಾರೆ ತುತ್ತು ಕೊಡುವುದು ಅಲ್ಲಿನ ಮರ್ಯಾದೆ. ಬೇಡ ಎಂದರೆ ಅವಮಾನ. ನುಂಗಿ, ನೀರು ಕುಡಿದು, “ನಾ ಬಂದದ್ದು...” ಎಂದೆ. ಇನ್ನೊಂದು ತುತ್ತು. ಒಂದೇ ಕೊಟ್ಟರೆ ಜಗಳವಾಗುತ್ತದಂತೆ. ಹೀಗೆ ಬೆಳಗಾವಿಯಿಂದ ತಯಾರು ಮಾಡಿಕೊಂಡು ಬಂದ ನನ್ನ ಭಾಷಣ ಜುಣಕದ ಜೊತೆ ಹೊಟ್ಟೆಗಿಳಿಯಿತು.

ಆಮೇಲೆ ಕಾಫಿ. ನೆಲಕ್ಕೆ ಹಸಿ ಹುಲ್ಲು ಹರವಿ, ಕೆಂಡದ ಮೇಲೆ ಧೂಪ ಹಾಕಿ, ಅಲ್ಮಾಜ್ ಕಬ್ಬಿಣದ ಬಾಣಲೆಯಲ್ಲಿ ಹಸಿರು ಕಾಳು ಹುರಿದಳು. ಕಾಳು ಚಟಪಟ ಎಂದು ಕಪ್ಪಾಗಿ ಹೊಗೆ ಏಳುತ್ತಿದ್ದಂತೆ ಬಾಣಲೆ ಹಿಡಿದು ನನ್ನ ಮುಂದೆ ಬಂದು ಬಾಗಿದಳು. ಧೂಪ, ಕೆಂಡ, ಬಾಗಿದ ಹುಡುಗಿ. ನಾನು ಹಿಂದೆಮುಂದೆ ನೋಡದೆ ಎರಡೂ ಕೈಯಲ್ಲಿ ಹೊಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಮಂಗಳಾರತಿ ಎಂದೇ ತಿಳಿದಿದ್ದೆ. ತಾಟಿನಲ್ಲಿ ಹಾಕಲು ಸೊಂಟದ ಚೀಲದಲ್ಲಿ ಚಿಲ್ಲರೆ ಹುಡುಕುತ್ತಿದ್ದಾಗ ಮಲ್ಲು ಕೈ ಹಿಡಿದ: “ಅಕ್ಕಾ, ಬರೇ ವಾಸನಿ ತಗೊಳ್ಳಾಕ ತಂದಾಳ!”

ಬೆಲೈನೆಶ್ ನಗಲಿಲ್ಲ. ಅವಳ ಕಣ್ಣು ಒದ್ದೆಯಾಗಿತ್ತು. ಕಾಫಿಯನ್ನು ಇಷ್ಟು ಭಕ್ತಿಯಿಂದ ಕಂಡವರನ್ನು ತಾನು ನೋಡಿಯೇ ಇಲ್ಲ ಎಂದಳಂತೆ. ಚಾ ಕುಡಿಯುವವಳು ಎಂದು ಹೇಳುವ ಧೈರ್ಯ ಆಮೇಲೆ ನನಗೆ ಬರಲಿಲ್ಲ.

ಮೂರು ಸುತ್ತು ಕುಡಿಯದೆ ಏಳುವಂತಿಲ್ಲ. ಮೂರನೆಯದಕ್ಕೆ ಬೆರೆಕಾ ಎನ್ನುತ್ತಾರೆ, ಆಶೀರ್ವಾದ ಎಂದು ಅರ್ಥ. ನಮ್ಮ ಕಡೆ ಬೆರಕಿ ಎಂದರೆ ಪಕ್ಕಾ ಚಾಲಾಕಿ ಮನುಷ್ಯ. ಆ ಲೋಟ ಕುಡಿಸಿ ನನ್ನನ್ನು ಕೂರಿಸಿಕೊಂಡ ಹೆಂಗಸಿಗೆ ಯಾವ ಅರ್ಥ ಒಪ್ಪುತ್ತದೆಂದು ನಾನು ಕುಡಿಯುತ್ತ ಯೋಚಿಸಿದೆ.

ಆದರೆ ನಾನು ನೋಡುತ್ತಿದ್ದದ್ದು ಮಲ್ಲುವನ್ನು. ಖಾನಾಪುರದಲ್ಲಿ ನೀರಿನ ತಂಬಿಗೆ ಎತ್ತಿಡದವ ಇಲ್ಲಿ ಲೋಟ ತೊಳೆಯುತ್ತಿದ್ದ. ಕಾಫಿಗೆ ಉಪ್ಪು ಹಾಕುವುದೋ ಸಕ್ಕರೆ ಹಾಕುವುದೋ ಎಂದು ಬೆಲೈನೆಶ್ ಜೊತೆ ದನಿಯೆತ್ತಿ ವಾದ ಮಾಡುತ್ತಿದ್ದ. ಅವಳು ಸಾಕಾಗಿ, “ಏ ಮಲ್ಲೂ, ಕುಂದರ್ರಿ!” ಎಂದು ಅವನಿಂದಲೇ ಕಲಿತ ಅಪ್ಪಟ ನಮ್ಮ ಕನ್ನಡದಲ್ಲಿ ಗದರಿದಳು. ಅವನು ಬಾಯಿ ಮುಚ್ಚಿ ಕುಂತ. ಮನೆಯಲ್ಲಿ ನಾವು ಯಾರೂ ಅವನನ್ನು ಹೀಗೆ ಜಗಳಾಡುವಷ್ಟು ಸಂತೋಷವಾಗಿ ಕಂಡಿರಲಿಲ್ಲ.

ಇರ್ಗಾಚೆಫೆ: ಬೆರೆಸಬಾರದು

ಒಂದು ದಿನ ಬೆಲೈನೆಶ್, “ನಿಮ್ಮ ತಾಯಿಗೆ ಕಾಫಿ ಕಳಿಸಬೇಕು” ಎಂದು ಘೋಷಿಸಿದಳು. ಅದಕ್ಕಾಗಿ ಇರ್ಗಾಚೆಫೆಯಲ್ಲಿದ್ದ ಅವಳ ಅಕ್ಕನ ಮನೆಗೆ ಹೋದೆವು. ಮನೆಯ ಸುತ್ತಲೂ ಕಾಫಿ ಗಿಡ, ಬಾಳೆಯಂಥದೇ ಆದರೆ ಹಣ್ಣು ಬಿಡದ ಗಿಡಗಳ ನೆರಳು. ಆ ಅಕ್ಕನ ತೋಟ ಗುಡ್ಡದ ಮೇಲೊಂದು ತುಂಡು, ಕೆಳಗೊಂದು ತುಂಡು. ಎರಡರ ಕಾಳನ್ನೂ ಬೇರೆ ಬೇರೆ ಗಂಟು ಕಟ್ಟಿ ಇಟ್ಟಿದ್ದಳು. ಯಾವುದು ಮೇಲು ಎಂದು ಅಕ್ಕತಂಗಿಯರಲ್ಲಿ ವಾದ ಹತ್ತಿತು. ನಾನು ನ್ಯಾಯ ಹೇಳಲು ಹೋದೆ: “ಎರಡೂ ಕೂಡಿಸಿ ಕೊಟ್ಟಬಿಡ್ರಿ. ನಾವು ಚಾ ಪುಡಿ ಹಂಗ ಮಾಡತೀವಿ, ಮೂರು ನಮೂನಿ ಬೆರಸತೀವಿ.”

ಮಲ್ಲು ಅದನ್ನು ಅವರಿಗೆ ಹೇಳಿದ ಕೂಡಲೇ ಇಬ್ಬರೂ ಜಗಳ ನಿಲ್ಲಿಸಿ ನನ್ನನ್ನು ನೋಡಿದರು. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬಂದವಳನ್ನು ನೋಡಿದ ಹಾಗೆ. ಒಂದು ಮಣ್ಣಿನ ಕಾಫಿ ಇನ್ನೊಂದು ಮಣ್ಣಿನದರ ಜೊತೆ ಬೆರೆತರೆ ಎರಡೂ ಕೆಟ್ಟವಂತೆ.

ಅಲ್ಮಾಜ್ ತಗ್ಗಿದ ದನಿಯಲ್ಲಿ ನನಗೆ ಹೇಳಿದಳು: “ಅಕ್ಕಾ, ನಮ್ಮವ್ವನೂ ಮೊದಲು ಒಪ್ಪಿರಲಿಲ್ಲ. ಮಾಂಸ ತಿನ್ನದ ಗಂಡಸು ಎಂಥ ಗಂಡಸು ಎಂದು ಒಂದು ತಿಂಗಳು ಅತ್ತಳು. ನಮ್ಮಲ್ಲಿ ಬೆರೆಸಬಾರದ್ದು ಕಾಫಿಯೊಂದೇ ಎಂದು ನಾನು ಹೇಳಿದೆ.” ಮತ್ತೆ ಹೇಳಿದಳು: “ಒಂದು ಮಾತು ನಿಮಗೆ ಗೊತ್ತಿರಲಿ. ಅವ್ವ ಕೊಡುತ್ತಿರುವುದು ಬೀಗರಿಗೆ ಕೊಡುವ ಕಾಫಿ. ನೀವು ಆರಿಸಿಕೊಂಡರೆ ಒಪ್ಪಿದಂತೆ. ಮನಸ್ಸಿಲ್ಲದಿದ್ದರೆ ಇಲ್ಲಿಯೇ ಬೇಡ ಎನ್ನಿ. ತೆಗೆದುಕೊಂಡು ಹೋಗಿ ಅಲ್ಲಿ ಬೇಡ ಅನ್ನಬೇಡಿ.”

ಹುಡುಗಿ ನೇರ ಇದ್ದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಮತ್ತೆ ದಿಲ್ಲಾ: ಮೂರು ಮೊರ

ಮರುದಿನ ಬೆಲೈನೆಶ್ ಮೂರು ಸಣ್ಣ ಮೊರ ಇಟ್ಟಳು. ಗುಡ್ಡದ ಮೇಲಿನದು, ಕೆಳಗಿನದು. ಮೂರನೆಯದು ಬೇರೆ ಬಣ್ಣದ, ತುಸು ಹಳದಿ ಕಾಳು. ಮೂರನ್ನೂ ಬೇರೆ ಬೇರೆ ಹುರಿದು, ಕುಟ್ಟಿ, ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿದಳು. ಒಂದೊಂದಕ್ಕೂ ಮೂರು ಸುತ್ತು. ಚಾದ ಮೈಗೆ ಅಷ್ಟು ಕಾಫಿ ಬಿದ್ದರೆ ಏನಾಗುತ್ತದೆ? ನನ್ನ ಎದೆ ವಡಗಾವಿಯ ಮಗ್ಗದ ಹಾಗೆ ಬಡಿದುಕೊಳ್ಳುತ್ತಿತ್ತು. ಮಾತು ನಿಲ್ಲುತ್ತಿರಲಿಲ್ಲ. ಮಲ್ಲುಗೆ ಕನ್ನಡದಿಂದ ಅಮ್ಹಾರಿಕ್ ಮಾಡಿ ಸುಸ್ತಾಯಿತು.

ಗುಡ್ಡದ ಮೇಲಿನದು ಮಲ್ಲಿಗೆ ಕಟ್ಟಿದ ಕೈಯ ವಾಸನೆ, ಕುಡಿದರೆ ತೆಳ್ಳಗೆ ನಿಂಬೆಹುಳಿ. ಕೆಳಗಿನದು ಸೌಮ್ಯ, ಪಾಪದ ಕಾಫಿ. ಮೂರನೆಯದು ಬಾಯಿಗೆ ಬಿದ್ದ ಕೂಡಲೇ ಖಾನಾಪುರದ ಸಂತೆಯಲ್ಲಿ ಕಳಿತ ನೇರಳೆ ಹಣ್ಣಿನ ಬುಟ್ಟಿಗೆ ಮುಖ ಹಾಕಿದ ಹಾಗಾಯಿತು. ಗಡುಸು, ಒಗರು, ಹಿಂದೆ ಸಿಹಿ.

“ನಿಮ್ಮ ತಾಯಿ ಎಂಥವರು?” ಎಂದು ಬೆಲೈನೆಶ್ ಕೇಳಿದಳು. “ಅದು ತಿಳಿಯದೆ ಕಾಫಿ ಆರಿಸುವುದು ಹೇಗೆ?”

“ಮುಂಜಾನೆ ಎದ್ದು ಮೊದಲ ಬೈತಾಳ, ಆಮ್ಯಾಲೆ ಮಾರಿ ತೊಳಕೋತಾಳ” ಎಂದೆ.

ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ಬೇರೆ. ಏನೇ ಕೊಟ್ಟರೂ ಅವ್ವ ಅದಕ್ಕೆ ಹಾಲು ಸುರಿದು, ಸಕ್ಕರೆ ಹಾಕಿ, ಶುಂಠಿ ಜಜ್ಜಿ ಚಾದ ಹಾಗೆ ಕುದಿಸುವುದು ಖರೇ. ಮಲ್ಲಿಗೆ ವಾಸನೆಯದು ಮೊದಲ ಕುದಿಗೇ ಪ್ರಾಣ ಬಿಡುತ್ತದೆ. ಅವ್ವನ ಕೈಯಲ್ಲಿ ಬದುಕಿ ಉಳಿಯುವಂಥದು ಬೇಕು. ಉಪವಾಸದ ಮನೆಯಲ್ಲಿ ಹಾಲಿನ ಮಾತು ತೆಗೆಯದೆ ಮೂರನೆಯ ಮೊರ ತೋರಿಸಿ, “ಇದು. ನಮ್ಮವ್ವನ್ನ ತಡಕೊಳ್ಳೂದು ಇದೊಂದ” ಎಂದುಬಿಟ್ಟೆ.

ಅಂದ ಮೇಲೆ ನೆನಪಾಯಿತು. ಅಲ್ಮಾಜ್ ಹೇಳಿದ್ದು, ಶಿವಪುತ್ರ ಹೇಳಿದ್ದು, ನಾನು ಬಂದ ಕೆಲಸ. ಕಾಫಿ ತಲೆಗೇರಿ ಒಂದು ಲಗ್ನ ನಿಶ್ಚಯ ಮಾಡಿಬಿಟ್ಟಿದ್ದೆ.

ಮಲ್ಲು ನನ್ನ ಕಡೆ ಬಗ್ಗಿ ಹೇಳಿದ: “ಅಕ್ಕಾ, ಅದು ಹರಾರ್ ಕಾಫಿ. ಅಕಿ ತೀರಿಕೊಂಡ ಗಂಡನ ಊರಿಂದು. ಅವನ ತಮ್ಮ ವರ್ಷಕ್ಕೊಮ್ಮೆ ಸ್ವಲ್ಪ ತಂದ ಕೊಡತಾನ. ಮಂದಿಗೆ ಕುಡಸ್ತಾಳ, ಕೊಡೂದಿಲ್ಲ.”

ನಾನು ಮೊರ ಹಿಂದಕ್ಕೆ ದೂಡಿದೆ. “ಬ್ಯಾಡ್ರಿ, ಬ್ಯಾರೇದ ಕೊಡ್ರಿ.” ಬೆಲೈನೆಶ್ ಕೇಳಲಿಲ್ಲ. ಒಳಗೆ ಹೋಗಿ ಚೀಲವನ್ನೇ ತಂದು, ಅರಿವೆಯ ಗಂಟಿನಲ್ಲಿ ತುಂಬತೊಡಗಿದಳು. ಅವಳು ಹೇಳಿದ್ದನ್ನು ಮಲ್ಲು ನನಗೆ ಕನ್ನಡ ಮಾಡಿ ಹೇಳಿದ: “ಕೊಡಾಕ ಮನಸ್ಸ ಬರಲಾರದ್ದನ್ನ ಕೊಟ್ಟರನ ಕೊಟ್ಟಂಗ ಅಂತಾಳ. ಮಗಳನ್ನ ಕೊಡಾಕತ್ತೀನಿ, ಕಾಳ ಹಿಡಕೊಂಡ ಕುಂದರಲೇನು ಅಂತಾಳ.”

ಮುಂಬೈ: ಮೊದಲ ಸಲ ಆ ಮಾತು

ಮುಂಬೈಯಲ್ಲಿ ತಪಾಸಣೆಯ ಅಧಿಕಾರಿ ಗಂಟು ಬಿಚ್ಚಿಸಿ, ಹಳದಿ ಛಾಯೆಯ ಕಾಳನ್ನು ಬೆರಳಲ್ಲಿ ಹೊರಳಿಸಿ ಮರಾಠಿಯಲ್ಲಿ ಇದೇನು ಎಂದು ಕೇಳಿದ. ಕಾಫಿ ಎಂದೆ. ಕಾಫಿ ಕಪ್ಪಗಿರುತ್ತದೆ, ಇದು ಒಣ ವಟಾಣಿಯ ಹಾಗಿದೆ ಎಂದ. ಹುರಿದಿಲ್ಲ ಎಂದೆ. ಹುರಿಯದ ಕಾಫಿಯನ್ನು ಯಾರು ಕೊಡುತ್ತಾರೆ ಎಂದ. ನಾನೂ ಮರಾಠಿಯಲ್ಲೇ, “ವಿಹಿಣೀನಂ ದಿಲಂಯ” ಎಂದೆ, ಬೀಗತಿ ಕೊಟ್ಟಿದ್ದಾಳೆ ಎಂದು. ಅವನಿಗೂ ಒಬ್ಬ ಬೀಗತಿ ಇರಬೇಕು. ಮುಖದಲ್ಲಿ ಅನುಕಂಪ ಬಂತು. ತಾನೇ ಗಂಟು ಕಟ್ಟಿಕೊಟ್ಟ.

ಖಾನಾಪುರ: ಹಾಲು ಎಷ್ಟು

“ಮಲ್ಲು ಎಲ್ಲಿ?” ಶಿವಪುತ್ರ ಬಾಗಿಲಲ್ಲೇ ಕೇಳಿದ.

“ಬರಲಿಲ್ಲ.”

“ಮತ್ತ ಇಷ್ಟ ದೂರ ಹೋಗಿ ಏನ್ ಮಾಡಿ ಬಂದಿ?”

“ಕಾಫಿ ತಂದೀನಿ.”

ಅವನು ಹಾಗೇ ಕಟ್ಟೆಯ ಮೇಲೆ ಕುಂತುಬಿಟ್ಟ. ನಾನು ಒಳಗೆ ಹೋಗಿ ಅವ್ವನ ಮುಂದೆ ಗಂಟು ಇಟ್ಟೆ. ಯಾರು ಕೊಟ್ಟರು, ಯಾರ ಊರಿನದು, ಹೇಗೆ ಕೊಟ್ಟರು ಎಲ್ಲ ಹೇಳಿದೆ. ತೀರಿಹೋದ ಗಂಡನ ಊರಿನದು ಎಂದಾಗ ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಕಾಳನ್ನು ಮೊರಕ್ಕೆ ಸುರಿದು ಕಲ್ಲು ಹುಡುಕಿದಳು. ಬಹಳ ಹೊತ್ತು ಹುಡುಕಿದಳು.

“ಒಂದ ಕಲ್ಲೂ ಇಲ್ಲಲ್ಲ” ಎಂದಳು, ಅದೂ ಒಂದು ತಕರಾರು ಎನ್ನುವಂತೆ.

ರೊಟ್ಟಿಯ ಹಂಚಿನ ಮೇಲೆ ಹುರಿದಳು. ಮನೆ ತುಂಬ ಹೊಗೆ. ಬಾಜೂ ಮನೆಯವರು ಏನು ಹತ್ತಿಕೊಂಡಿತೆಂದು ಓಡಿಬಂದರು. ಕುಟ್ಟಿ, ಬೋಗುಣಿಗೆ ಹಾಕಿ ಹಾಲಿನ ಚರಿಗೆ ಎತ್ತಿದಳು.

“ಅವ್ವಾ, ಅದಕ್ಕ ಹಾಲ ಹಾಕೂದಿಲ್ಲಂತ.”

“ಹಾಲ ಇಲ್ಲದ ಕುಡಿಯಾಕ ನಾವೇನ್ ದವಾಖಾನ್ಯಾಗ ಅದೀವೇನ?”

ಹಾಲು, ಸಕ್ಕರೆ, ಶುಂಠಿ, ಏಲಕ್ಕಿ. ಬಟ್ಟಲಿಗೆ ಬಗ್ಗಿಸಿ ಒಂದು ಗುಟುಕು ಕುಡಿದಳು. ಮುಖ ಹಿಂಡಿಕೊಂಡಳು. ಇನ್ನೊಂದು ಗುಟುಕು ಕುಡಿದಳು. ಬಟ್ಟಲು ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ನಿಂತಳು.

“ನಡಿ. ಅವನಿಗೆ ಫೋನ್ ಹಚ್ಚು.”

ಮನೆಯ ಫೋನಿನಿಂದ ಪರದೇಶಕ್ಕೆ ಕರೆ ಹೋಗುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಬಾಜೂಕಿನ ಫೋನ್ ಬೂತಿಗೆ ಮೂವರೂ ನಡೆದೆವು; ಶಿವಪುತ್ರ ನಾಲ್ಕು ಹೆಜ್ಜೆ ಹಿಂದೆ. ಲೈನು ಸಿಕ್ಕು ಮಲ್ಲು “ಹಲೋ” ಎಂದದ್ದೇ ತಡ, ಅವ್ವ ನನ್ನ ಕೈಯಿಂದ ರಿಸೀವರ್ ಕಸಿದುಕೊಂಡಳು.

“ಏ ಮಲ್ಯಾ! ಇದೇನ್ ಕಾಫಿನೋ, ಬೇವಿನ ಕಷಾಯನೋ?”

ನಾನು ಕಿವಿ ಹಚ್ಚಿದೆ. ತಿಂಗಳುಗಟ್ಟಲೆ ಆ ದನಿ ಕೇಳಿರದವ “ಅವ್ವಾ” ಎಂದ. ಮತ್ತೆ “ಅವ್ವಾ” ಎಂದ.

“ಅವ್ವಾ ಅವ್ವಾ ಅಂದರ ಏನ್ ತಿಳೀಬೇಕ ನನಗ? ಕೇಳಿದ್ದಕ್ಕ ಹೇಳು. ಹಾಲ ಎಷ್ಟ ಹಾಕಬೇಕು?”

“ಹಾಲ ಹಾಕೂದಿಲ್ಲವ್ವಾ.”

“ನೀನೂ ಅದನ್ನ ಅಂತೀಯೇನು? ನನಗ ಇದೆಲ್ಲಾ ತಿಳಿಯೂದಿಲ್ಲಪಾ. ಅಕಿನ್ನ ಕರಕೊಂಡ ಬಾ. ಬಂದು ನನ್ನ ಒಲಿ ಮುಂದ ಕುಂತು ಮಾಡಿ ತೋರಸಲಿ. ಅಕಿ ಅವ್ವನ್ನೂ ಕರಕೊಂಡ ಬಾ.”

ಫೋನಿಟ್ಟು ಹೊರಗೆ ಬಂದಳು. ಶಿವಪುತ್ರ ಕಂಬಕ್ಕೆ ಆತು ನಿಂತಿದ್ದ. “ಏನಂದಿ ಯವ್ವಾ?” ಎಂದು ಕೇಳಿದ.

“ಬೀಗರು ಬರತಾರ” ಎಂದಳು ಅವ್ವ. “ಕಾಫಿ ಸೋಸಾಕ ಮನ್ಯಾಗ ಅರಿವಿ ಇಲ್ಲ. ಪ್ಯಾಟಿಗೆ ಹೋಗಿ ಒಂದ ತಗೊಂಡ ಬಾ.”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವ್ವ ಮನೆಯ ದಾರಿ ಹಿಡಿದಿದ್ದಳು. ಅವನು ನನ್ನ ಮುಖ ನೋಡಿದ.

“ದಪ್ಪಂದ ತಗೊ” ಎಂದೆ. “ಪುಡಿ ಭಾಳ ಸಣ್ಣ ಐತಿ.”

ಹೋದ.